ಬದುಕಿರುವ ಲೇಖಕರ ಹಸ್ತಪ್ರತಿ

'ಸಂಪಾದನೆ' ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳು ರೂಢಿಯಲ್ಲಿವೆ. ಒಂದು, ಹಣ ಗಳಿಸುವುದು. ಇನ್ನೊಂದು, ಗ್ರಂಥವನ್ನು ಪರಿಶೋಧಿಸಿ ಪ್ರಕಟಣೆಗೆ ಸಿದ್ಧಗೊಳಿಸುವುದು. ಎರಡನೆಯ ಸಂಪಾದನೆಯಿಂದ ಮೊದಲನೆಯ ಸಂಪಾದನೆ ಯಾರಿಗಾದರೂ ಆದದ್ದುಂಟೋ ಇಲ್ಲವೋ ನಾನು ಕಾಣೆ. ಅದು ಹಾಗಿರಲಿ. ಈ ಎರಡನೆಯ ಅರ್ಥವೂ ನಮ್ಮಲ್ಲಿ ಬಹಳ ಕಿರಿದಾಗಿಬಿಟ್ಟಿದೆ. ಗ್ರಂಥಸಂಪಾದನೆ ಎಂದೊಡನೆ ಕನ್ನಡ ಎಂ.ಎ. ಓದಿದವರ ಕಣ್ಣ ಮುಂದೆ ಬರುವುದು ಓಲೆಗರಿ, ಪಾಠಾಂತರ, ಲಿಪಿಕಾರನ ಸ್ಖಾಲಿತ್ಯ. ಸಂಪಾದನೆಯು ಗತಿಸಿದ ಕವಿಗಳಿಗೆ ಸಲ್ಲುವ ಸೇವೆ ಎಂದು ನಾವು ನಂಬಿದ್ದೇವೆ. ನಿನ್ನೆ ಬರೆದು ಮುಗಿಸಿ ನಾಳೆ ಅಚ್ಚಿಗೆ ಕೊಡಲಿರುವ ಲೇಖಕನಿಗೂ ಅದು ಬೇಕಾದೀತೆಂದು ನಮಗೆ ತೋರುವುದೇ ಇಲ್ಲ. ಈ ನಂಬಿಕೆ ಸರಿಯಲ್ಲವೆಂದೂ ಇದರಿಂದ ಕನ್ನಡ ಪುಸ್ತಕಕ್ಕೆ ಆಗುತ್ತಿರುವ ನಷ್ಟ ಅಲ್ಪವಲ್ಲವೆಂದೂ ವಾಚಕರಲ್ಲಿ ಅರಿಕೆ ಮಾಡಿಕೊಳ್ಳುವುದು ಈ ಬರೆಹದ ಉದ್ದೇಶ.

ಹಿಂದಿನ ವಿದ್ವಾಂಸರು ಹಳೆಯ ಗ್ರಂಥಗಳಿಗೆ ಸಲ್ಲಿಸಿದ ಸೇವೆಯನ್ನು ನೆನೆದರೆ ಕೈಮುಗಿಯಬೇಕೆನ್ನಿಸುತ್ತದೆ. ಡಿ.ಎಲ್. ನರಸಿಂಹಾಚಾರ್ಯರು 1949ರಲ್ಲಿ 'ವಡ್ಡಾರಾಧನೆ'ಯನ್ನು ಪರಿಷ್ಕರಿಸಿ ಪ್ರಕಟಿಸಿದರು. ಸಿಕ್ಕ ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ, ಒಂದೊಂದು ಪದದ ರೂಪವನ್ನೂ ತೂಗಿ ನೋಡಿ, ಒಪ್ಪಿದ ಪಾಠವನ್ನು ಮೇಲೆಯೂ ಬಿಟ್ಟ ಪಾಠವನ್ನು ಅಡಿಯಲ್ಲಿಯೂ ಕೊಡುವ ಶಿಸ್ತು ಅದು. ಆ ಶಿಸ್ತಿನ ಸೂತ್ರಗಳನ್ನೆಲ್ಲ ಅವರು 1964ರಲ್ಲಿ 'ಕನ್ನಡ ಗ್ರಂಥ ಸಂಪಾದನೆ' ಎಂಬ ಪುಸ್ತಕದಲ್ಲಿ ಕ್ರೋಡೀಕರಿಸಿದರು. ಸಾವಿರ ವರ್ಷದ ಹಿಂದಿನ ಒಂದು ಗದ್ಯಕೃತಿಯಲ್ಲಿ ಒಂದು ಅಕ್ಷರ ಹೀಗಿತ್ತೋ ಹಾಗಿತ್ತೋ ಎಂದು ಒಬ್ಬ ಪಂಡಿತ ನಿದ್ದೆಗೆಟ್ಟದ್ದು ಒಂದು ಭಾಷೆಯ ಸಂಸ್ಕೃತಿಯ ಹೆಗ್ಗುರುತು. ಅದೇ ಭಾಷೆಯಲ್ಲಿ ಇಂದು ಬರೆಯುತ್ತಿರುವವನ ಇಡೀ ಅಧ್ಯಾಯವೇ ಅಸ್ತವ್ಯಸ್ತವಾಗಿದ್ದರೂ ಯಾರ ನಿದ್ದೆಯೂ ಕೆಡುವುದಿಲ್ಲವಲ್ಲ, ಇದನ್ನೇನೆನ್ನೋಣ?

ಇಂದು ಒಂದು ಹಸ್ತಪ್ರತಿಗೆ ಒದಗುವ ಗತಿಯನ್ನು ನೋಡಿ. ಲೇಖಕನು ಬರೆಯುತ್ತಾನೆ, ಅಥವಾ ತಾನೇ ಗಣಕಯಂತ್ರದಲ್ಲಿ ಬೆರಳಚ್ಚು ಮಾಡುತ್ತಾನೆ. ಪ್ರಕಾಶಕರು ಒಪ್ಪಿದ ಮೇಲೆ ಪುಟವಿನ್ಯಾಸವಾಗುತ್ತದೆ. ಕರಡನ್ನು ತಿದ್ದಲು ಬಹುಮಟ್ಟಿಗೆ ಲೇಖಕನಿಗೇ ಕಳುಹಿಸುತ್ತಾರೆ. ಈ ನಡುವೆ ಒಂದು ಪ್ರತಿ ಮುನ್ನುಡಿಗಾಗಿ ಹಿರಿಯರೊಬ್ಬರ ಮನೆಗೆ ಹೋಗುತ್ತದೆ. ಹಸ್ತಪ್ರತಿಯನ್ನು ಪರರೊಬ್ಬರು ಆಮೂಲಾಗ್ರವಾಗಿ ಓದುವ ಸಂದರ್ಭ ಇದೊಂದೇ. ಆದರೆ ಆ ವೇಳೆಗೆ ಪುಟಗಳೆಲ್ಲ ಕಟ್ಟಿಯಾಗಿರುತ್ತವೆ, ಬಿಡುಗಡೆಯ ದಿನವೂ ಗೊತ್ತಾಗಿರುತ್ತದೆ. ಮದುವೆಯ ಆಮಂತ್ರಣಪತ್ರಿಕೆ ಹಂಚಿದ ಮೇಲೆ ಜಾತಕ ತೋರಿಸಿದಂತೆ! ಹಿರಿಯರು ಪಾಪ, ಆಶೀರ್ವಾದವನ್ನಲ್ಲದೆ ಬೇರೇನನ್ನು ಬರೆದಾರು? ಅಧ್ಯಾಪಕನಾದ ನನ್ನ ಬಳಿಗೂ ಹಳೆಯ ವಿದ್ಯಾರ್ಥಿಗಳು ಇಂಥ ಪ್ರತಿಗಳನ್ನು ತರುವುದುಂಟು. 'ನಾಲ್ಕು ಮಾತು ಬರೆದುಕೊಡಿ' ಎನ್ನುವವರೇ ಎಲ್ಲರೂ; 'ನಾಲ್ಕು ಮಾತು ಹೊಡೆದುಹಾಕಿ' ಎಂದವರನ್ನು ನಾನು ಈವರೆಗೆ ಕಂಡಿಲ್ಲ.

ಹಿಂದಿನವರು ಈ ವಿಷಯದಲ್ಲಿ ನಮಗಿಂತ ವಿನೀತರಾಗಿದ್ದರು. 9ನೆಯ ಶತಮಾನದ 'ಕವಿರಾಜಮಾರ್ಗ'ದ ಮೊದಲನೆಯ ಪರಿಚ್ಛೇದವೇ ಕಾವ್ಯದ ದೋಷಾದೋಷಗಳ ವಿಚಾರ. ಕವಿಯು ತನ್ನ ದೋಷವನ್ನು ತಾನು ಕಾಣಲಾರ, ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ಹೇಗೆ ಕಾಣಲಾರದೋ ಹಾಗೆ, ಎಂಬ ಭಾವದ ಉಪಮೆಯೊಂದು ಅಲ್ಲಿ ಬರುತ್ತದೆ. ನಮ್ಮ ಹಳೆಯ ಚಂಪೂಕವಿಗಳಲ್ಲಿಯೂ ಕೆಲವರು ತಮ್ಮ ಕಾವ್ಯವನ್ನು ಇಂಥ ವಿದ್ವಾಂಸರು ತಿದ್ದಿಕೊಟ್ಟರೆಂದು ಕಾವ್ಯದೊಳಗೇ ಹೇಳಿಕೊಂಡಿದ್ದಾರೆ. ತಿದ್ದಿಸಿಕೊಂಡದ್ದು ಅವರಿಗೆ ನಾಚಿಕೆಯ ಸಂಗತಿಯಾಗಿರಲಿಲ್ಲ. ಕೃತಿಗೆ ಅದೊಂದು ಮುದ್ರೆಯಾಗಿತ್ತು.

ನಂದಳಿಕೆಯ ಮುದ್ದಣನ (1870-1901) ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಆತನು ತನ್ನ ಕೃತಿಯನ್ನು ಪ್ರಾಚೀನ ಗ್ರಂಥವೆಂದು ಹೇಳಿ ಮೈಸೂರಿನ ಸಂಪಾದಕರಿಗೆ ಕಳುಹಿಸಿದನೆಂಬುದು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಬದುಕಿರುವ ಕವಿಯೊಬ್ಬನು ಸಂಪಾದಕರ ಗಮನವನ್ನು ಪಡೆಯಬೇಕಾದರೆ ಸತ್ತ ಕವಿಯ ವೇಷವನ್ನು ಹಾಕಬೇಕಾಯಿತು! ಅಂದಿಗೂ ಇಂದಿಗೂ ಈ ಸಂಗತಿಯಲ್ಲಿ ಹೆಚ್ಚಿನ ವ್ಯತ್ಯಾಸವಾದಂತೆ ಕಾಣುವುದಿಲ್ಲ. ಆದರೆ ಅದೇ ಮುದ್ದಣನು 'ಶ್ರೀರಾಮಾಶ್ವಮೇಧ'ದಲ್ಲಿ ನಮಗೆ ಒಬ್ಬ ಅಪೂರ್ವ ಸಂಪಾದಕಿಯನ್ನೂ ಕೊಟ್ಟಿದ್ದಾನೆ. ಯಾವ ಕಥೆ ಬೇಕು, ಅದು ಪದ್ಯವಾಗಿರಬೇಕೋ ಗದ್ಯವಾಗಿರಬೇಕೋ ಎಂಬುದನ್ನು ಗೊತ್ತುಮಾಡುವವಳು ಮನೋರಮೆ. ಗಂಡನ ಸಂಸ್ಕೃತ ಮಿತಿಮೀರಿದಾಗ ತಡೆಯುವವಳೂ, ನಡುನಡುವೆ ಪ್ರಶ್ನೆ ಹಾಕಿ ಅವನನ್ನು ನೆಲಕ್ಕಿಳಿಸುವವಳೂ ಅವಳೇ. ಅವಳಿಗೆ ಕಥೆಯ ಮೇಲೆ ಆಸೆಯುಂಟು, ಹೇಳುವವನ ಮೇಲೆ ಪ್ರೀತಿಯುಂಟು, ಆದರೆ ಮುಲಾಜಿಲ್ಲ. ಸಂಪಾದಕನಿಗೆ ಇರಬೇಕಾದ ಗುಣಗಳನ್ನು ಪಟ್ಟಿಮಾಡಹೊರಟರೆ ಇವಕ್ಕಿಂತ ಹೆಚ್ಚಿನವು ನನಗೆ ತೋಚುವುದಿಲ್ಲ.

ಸಂಪಾದಕನು ಮಾಡುವುದೇನು? ಕಾಗುಣಿತ ತಿದ್ದುವುದಷ್ಟೇ ಅವನ ಕೆಲಸವೆಂಬ ಭಾವನೆ ವ್ಯಾಪಕವಾಗಿದೆ. 'ಶುಭಾಶಯ'ವು 'ಶುಭಾಷಯ'ವಾಗದಂತೆ, 'ಉಲ್ಬಣ'ವು 'ಉಲ್ಭಣ'ವಾಗದಂತೆ, 'ಉಚ್ಚ'ಕ್ಕೆ ಇಲ್ಲದ ಮಹಾಪ್ರಾಣ ಸೇರದಂತೆ ನೋಡಿಕೊಳ್ಳುವುದು ಅಗತ್ಯವೇ. ಆದರೆ ಅದು ಕೊನೆಯ ಕೆಲಸ. ಮೊದಲನೆಯದು ಕಟ್ಟಡವನ್ನು ನೋಡುವುದು: ಕಾದಂಬರಿ ನಿಜವಾಗಿ ಎಲ್ಲಿ ಆರಂಭವಾಗುತ್ತದೆ, ಮೊದಲ ಮೂವತ್ತು ಪುಟಗಳು ಲೇಖಕನು ಕೈ ಸಡಿಲಿಸಿಕೊಂಡ ಪುಟಗಳಲ್ಲವೆ, ಕಥೆ ಮುಗಿದ ಮೇಲೂ ಒಂದು ನೀತಿಯ ಪರಿಚ್ಛೇದ ಏಕೆ ಉಳಿದಿದೆ? ಎರಡನೆಯದು ಸಂಗತಿಗಳ ಹೊಂದಾಣಿಕೆ. 1950ರಲ್ಲಿ ನಡೆಯುವ ಕಥೆಯ ಹುಡುಗ ಹತ್ತು ಪೈಸೆಯ ನಾಣ್ಯ ಕೊಟ್ಟು ಮಿಠಾಯಿ ಕೊಳ್ಳಕೂಡದು. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲಿನಲ್ಲಿ. 1965ರ ಗುಮಾಸ್ತನು ಕರ್ನಾಟಕ ಸರ್ಕಾರದ ನೌಕರನಾಗಲಾರ; ರಾಜ್ಯಕ್ಕೆ ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. 1975ರ ನಾಯಕನು ಉಡುಪಿಯಲ್ಲಿ ರೈಲಿನಿಂದ ಇಳಿದರೆ, ಆಗ ಅಲ್ಲಿಗೆ ರೈಲುಹಳಿಯೇ ಇರಲಿಲ್ಲವೆಂದು ಹೇಳುವವರು ಯಾರಾದರೂ ಬೇಕಷ್ಟೆ. ಇವು ಕ್ಷುಲ್ಲಕ ವಿವರಗಳೆಂದು ತೋರಬಹುದು. ಆದರೆ ಒಂದು ವಿವರದಲ್ಲಿ ನಂಬಿಕೆ ಕಳೆದುಕೊಂಡ ಓದುಗನು ನಾಯಕನ ದುಃಖವನ್ನೂ ಅರ್ಧ ಮನಸ್ಸಿನಿಂದಲೇ ನಂಬುತ್ತಾನೆ. ಇವೆರಡೂ ಆದ ಮೇಲೆ ವಾಕ್ಯ, ಆಮೇಲೆ ಪದ, ಕಟ್ಟಕಡೆಗೆ ಅಕ್ಷರ. ನಮ್ಮಲ್ಲಿ ಮೊದಲಿನ ನಾಲ್ಕನ್ನೂ ಬಿಟ್ಟು ಅಕ್ಷರವೊಂದನ್ನೇ ಹಿಡಿದಿದ್ದೇವೆ. ಅದೂ ಕೈಗೆ ಪೂರ್ತಿ ಸಿಕ್ಕಿಲ್ಲ.

ಪ್ರತಿಭಾವಂತನಿಗೆ ಇದೆಲ್ಲ ಏಕೆ ಎಂದು ಕೇಳುವವರುಂಟು. ನಮ್ಮ ನವ್ಯ ಕಾವ್ಯದ ಚರ್ಚೆಯಲ್ಲೆಲ್ಲ ಹೆಸರಾದ ಎಲಿಯಟ್ಟನ 'ದಿ ವೇಸ್ಟ್ ಲ್ಯಾಂಡ್' ಕವನವನ್ನೇ ನೋಡಿ. 1922ರಲ್ಲಿ ಅದು ಪ್ರಕಟವಾಗುವುದಕ್ಕೆ ಮುಂಚೆ ಅದರ ಹಸ್ತಪ್ರತಿ ಎಜ್ರಾ ಪೌಂಡನ ಕೈಗೆ ಹೋಯಿತು. ಆತನು ಪುಟಪುಟಗಳನ್ನೇ ಹೊಡೆದುಹಾಕಿದ; ಕವನವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಎಲಿಯಟ್ ಹಲವು ತಿದ್ದುಪಡಿಗಳನ್ನು ಒಪ್ಪಿದ, ಕೆಲವನ್ನು ಬಿಟ್ಟ, ಅನಂತರ ಕೃತಿಯನ್ನು ಆ ಗೆಳೆಯನಿಗೇ ಅರ್ಪಿಸಿದ. 1971ರಲ್ಲಿ ಆ ಮೂಲ ಹಸ್ತಪ್ರತಿಯ ಪಡಿಯಚ್ಚು ಪ್ರಕಟವಾದಾಗ, ಹೊಡೆದುಹಾಕಿದ ಗೆರೆಗಳ ಸಮೇತ ಲೋಕವೆಲ್ಲ ಅದನ್ನು ನೋಡಿತು. ಎಲಿಯಟ್ಟನ ಕೀರ್ತಿಗೆ ಅದರಿಂದ ಯಾವ ಕುಂದೂ ಬರಲಿಲ್ಲ.

ಆದರೆ ನ್ಯಾಯದ ತಕ್ಕಡಿಗೆ ಎರಡು ತಟ್ಟೆ. ಅಮೆರಿಕದ ಕಥೆಗಾರ ರೇಮಂಡ್ ಕಾರ್ವರನ 1981ರ ಪ್ರಸಿದ್ಧ ಕಥಾಸಂಕಲನವನ್ನು ಸಂಪಾದಕ ಗೋರ್ಡನ್ ಲಿಶ್ ತಿದ್ದಿದ ಬಗೆ ಬೇರೆ. ಕೆಲವು ಕಥೆಗಳು ಅರ್ಧಕ್ಕಿಂತಲೂ ಹೆಚ್ಚು ಕುಗ್ಗಿದವು. ಶೀರ್ಷಿಕೆಗಳೂ ಮುಕ್ತಾಯಗಳೂ ಬದಲಾದವು. ಪ್ರಕಟಣೆಯನ್ನು ನಿಲ್ಲಿಸಬೇಕೆಂದು ಕಾರ್ವರ್ 1980ರಲ್ಲಿ ಕಾಗದ ಬರೆದು ಅಂಗಲಾಚಿದ. ಪುಸ್ತಕ ನಿಲ್ಲಲಿಲ್ಲ, ಹೊರಬಂದು ಅವನಿಗೆ ಕೀರ್ತಿಯನ್ನೂ ತಂದಿತು. ಅವನು 1988ರಲ್ಲಿ ತೀರಿಕೊಂಡ. ಅವನು ಬರೆದಿದ್ದ ಮೂಲರೂಪ 'ಬಿಗಿನರ್ಸ್' ಎಂಬ ಹೆಸರಿನಲ್ಲಿ ಬೆಳಕು ಕಂಡದ್ದು 2009ರಲ್ಲಿ. ಎರಡರಲ್ಲಿ ಯಾವುದು ಮೇಲು ಎಂಬ ವಾದ ಇನ್ನೂ ಮುಗಿದಿಲ್ಲ. ನನಗೆ ಮುಖ್ಯವಾಗಿ ತೋರುವುದು ಬೇರೊಂದು ಮಾತು: ಪೌಂಡನ ತಿದ್ದುಪಡಿಗೆ ಎಲಿಯಟ್ಟನ ಸಮ್ಮತಿಯಿತ್ತು, ಲಿಶ್‌ನ ತಿದ್ದುಪಡಿಗೆ ಕಾರ್ವರನ ಮನಃಪೂರ್ವಕವಾದ ಸಮ್ಮತಿಯಿರಲಿಲ್ಲ. ತಿದ್ದಿದ ಸಾಲುಗಳು ಎಷ್ಟೆಂಬುದಕ್ಕಿಂತ ತಿದ್ದುವಾಗ ಲೇಖಕನನ್ನು ಕೇಳಿದರೆ ಎಂಬುದೇ ಇಲ್ಲಿ ಪ್ರಮಾಣ.

ನಮ್ಮಲ್ಲಿ ಈ ಅಪಾಯ ಇನ್ನೊಂದು ರೂಪದಲ್ಲಿ ಬರುತ್ತದೆ. ಚಾಮರಾಜನಗರದ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಕಥೆಗಳನ್ನು ಬರೆದಳು. ಅವಳ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಒಂದು ಕಥೆಯ ಜೀವವೆಲ್ಲ ತಾಯಿಯ ಮಾತಿನಲ್ಲಿತ್ತು. 'ಏನ್ ಕೂಸೇ, ಹೊಟ್ಟಗಿಷ್ಟು ಹಾಕ್ಕೊಂಡು ಹೋಗ್ಬಾರ್ದಾ' ಎಂದು ಹಸ್ತಪ್ರತಿಯಲ್ಲಿ ಇದ್ದದ್ದು ಅಚ್ಚಾಗಿ ಬಂದಾಗ 'ಮಗಳೇ, ಊಟ ಮಾಡಿ ಹೋಗಬಾರದೇ?' ಎಂದಾಗಿತ್ತು. ಪ್ರಕಾಶಕರ ಕಡೆಯವರು ಯಾರೋ 'ಭಾಷೆಯನ್ನು ಶುದ್ಧಿ' ಮಾಡಿದ್ದರು. ಅವಳನ್ನು ಒಂದು ಮಾತು ಕೇಳಿರಲಿಲ್ಲ. ಇಷ್ಟೆಲ್ಲ ಶುದ್ಧಿ ಮಾಡಿದವರಿಗೆ, ಮೂರನೆಯ ಕಥೆಯಲ್ಲಿ ಅಣ್ಣನ ಹೆಸರು ಎರಡು ಬಗೆಯಾಗಿ ಬಂದದ್ದೂ, ಮೊದಲ ಪುಟದಲ್ಲಿ ಬತ್ತಿದ್ದ ಬಾವಿ ಕೊನೆಯ ಪುಟದಲ್ಲಿ ಮಳೆಯಿಲ್ಲದೆಯೇ ತುಂಬಿದ್ದೂ ಕಣ್ಣಿಗೆ ಬಿದ್ದಿರಲಿಲ್ಲ. ಹುಡುಗಿ ಪುಸ್ತಕವನ್ನು ಊರಿಗೆ ಒಯ್ದು ಓದುಬಾರದ ತಾಯಿಗೆ ಓದಿ ಹೇಳಿದಳಂತೆ. ಆಕೆ ಕೇಳಿ, 'ಇವ್ಳು ನಾನಲ್ಲ ಕನ ಕೂಸೇ, ಯಾರೋ ಟೀಚರಮ್ಮ' ಎಂದರಂತೆ. ಆ ಪುಸ್ತಕದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ನಿಖರವಾಗಿರಲಿಲ್ಲ. ಹುಡುಗಿ ಮತ್ತೆ ಕಥೆ ಬರೆದಿಲ್ಲ. ದೇವನೂರ ಮಹಾದೇವರ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ಮೇಲೂ, ಆಡುನುಡಿಯನ್ನು ತಿದ್ದಬೇಕಾದ ತಪ್ಪೆಂದು ತಿಳಿಯುವ ಕೆಂಪು ಶಾಯಿ ನಮ್ಮಲ್ಲಿ ಒಣಗಿಲ್ಲವೆಂಬುದು ವಿಷಾದದ ಸಂಗತಿ.

ಈ ರೋಗಕ್ಕೆ ಮದ್ದು ನಮ್ಮ ಮನೆಯಲ್ಲಿಯೇ ಇದೆ. ಓಲೆಗರಿಯ ಸಂಪಾದಕನಿಗೆ ವಿಧಿಸಿದ ನಿಯಮಗಳಾವುವು? ತನ್ನ ರುಚಿಯನ್ನು ಕವಿಯ ಮೇಲೆ ಹೇರಕೂಡದು. ಕವಿಯ ಕಾಲದ, ಪ್ರದೇಶದ ಭಾಷೆಯನ್ನು ಅರಿಯದೆ ಕೈ ಹಾಕಕೂಡದು. ಅರ್ಥವಾಗದ ಪಾಠವನ್ನು ತಪ್ಪೆಂದು ಆತುರದಿಂದ ತೀರ್ಮಾನಿಸಕೂಡದು. ಮಾಡಿದ ಪ್ರತಿಯೊಂದು ತಿದ್ದುಪಡಿಯನ್ನೂ ಓದುವವರಿಗೆ ಕಾಣುವಂತೆ ಗುರುತಿಸಬೇಕು. ಬದುಕಿರುವ ಲೇಖಕನ ಹಸ್ತಪ್ರತಿಗೂ ಇವೇ ನಿಯಮಗಳು ಸಾಕು. ಹಳೆಯ ಸಂಪಾದಕನಿಗೆ ಇಲ್ಲದಿದ್ದ ಒಂದು ಭಾಗ್ಯ ಇವನಿಗುಂಟು. ಪಂಪನನ್ನು ಎಬ್ಬಿಸಿ 'ಸ್ವಾಮಿ, ಇಲ್ಲಿ ತಮ್ಮ ಅಭಿಪ್ರಾಯವೇನು?' ಎಂದು ಕೇಳುವಂತಿಲ್ಲ. ಎದುರು ಕುಳಿತ ಕಥೆಗಾರ್ತಿಯನ್ನು ಕೇಳಬಹುದು. ಕೇಳುವ ಅವಕಾಶವಿದ್ದೂ ಕೇಳದೆ ತಿದ್ದುವವನನ್ನು ಸಂಪಾದಕನೆನ್ನಲು ನನ್ನ ಮನಸ್ಸು ಒಪ್ಪದು.

ಖರ್ಚಿನ ಮಾತನ್ನು ಪ್ರಕಾಶಕರು ಎತ್ತುತ್ತಾರೆ, ಅದು ಸಹಜ. ಕನ್ನಡ ಪುಸ್ತಕದ ವ್ಯಾಪಾರ ಎಷ್ಟೆಂಬುದು ಬಲ್ಲವರೆಲ್ಲ ಬಲ್ಲರು. ಆದರೂ ಮುಖಪುಟದ ಚಿತ್ರಕ್ಕೆ ಹಣವಿದೆ, ಬಿಡುಗಡೆಯ ಸಮಾರಂಭಕ್ಕೆ ಹಣವಿದೆ. 'ಮುಂದಿನ ಮುದ್ರಣದಲ್ಲಿ ಸರಿಪಡಿಸೋಣ' ಎಂಬ ಸಮಾಧಾನವೂ ನಿಲ್ಲತಕ್ಕದ್ದಲ್ಲ; ನಮ್ಮ ಎಷ್ಟೋ ಪುಸ್ತಕಗಳಿಗೆ ಆ ಮುಂದಿನ ಮುದ್ರಣವೆಂಬುದು ಬರುವುದೇ ಇಲ್ಲ. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಒಂದು ಸಾಲನ್ನು ಬದಲಿಸಿದರೆ ಪುಟವನ್ನೇ ಬಿಚ್ಚಿ ಕಟ್ಟಬೇಕಾಗಿತ್ತು. ಅಂದು ಆ ನೆಪಕ್ಕೆ ಅರ್ಥವಿತ್ತು. ಈಗ ತಿದ್ದುವುದು ಸುಲಭ, ತಿದ್ದಲು ಕೂರುವವರು ಮಾತ್ರ ಇಲ್ಲ.

ಮಾಡಬೇಕಾದದ್ದು ಬಹಳವೇನೂ ಅಲ್ಲ. ಪ್ರಕಾಶಕರು ಹಸ್ತಪ್ರತಿಯನ್ನು ಓದಿ ತಿದ್ದಿದವರಿಗೆ ಗೌರವಧನ ಕೊಟ್ಟು, ಮುಖಪುಟ ಬರೆದ ಕಲಾವಿದರ ಹೆಸರಿನ ಪಕ್ಕದಲ್ಲಿ ಅವರ ಹೆಸರನ್ನೂ ಅಚ್ಚಿಸಲಿ. ಹೆಸರು ಅಚ್ಚಾಗುವುದಾದರೆ ಹೊಣೆಯೂ ಹುಟ್ಟುತ್ತದೆ. ವಿಶ್ವವಿದ್ಯಾನಿಲಯಗಳು ಗ್ರಂಥಸಂಪಾದನೆಯ ಪಾಠದಲ್ಲಿ ಓಲೆಗರಿಯ ಜೊತೆಗೆ ಇಂದಿನ ಒಂದು ಕಥೆಯ ಕರಡನ್ನೂ ವಿದ್ಯಾರ್ಥಿಗಳ ಮುಂದಿಡಲಿ. ನಾವು ಅಧ್ಯಾಪಕರು ಮುನ್ನುಡಿ ಬರೆಯುವ ಉತ್ಸಾಹದಲ್ಲಿ ಕಾಲು ಭಾಗವನ್ನಾದರೂ ಕರಡಿನ ಅಂಚಿನಲ್ಲಿ ಪ್ರಶ್ನೆ ಬರೆಯುವುದಕ್ಕೆ ಮೀಸಲಿಡೋಣ. ತರುಣ ಲೇಖಕರಲ್ಲಿ ನನ್ನದೊಂದೇ ವಿನಂತಿ: ಪುಸ್ತಕ ಬರೆದು ಮುಗಿಸಿದ ಮೇಲೆ ಮುನ್ನುಡಿಕಾರರನ್ನು ಹುಡುಕುವ ಮೊದಲು ಒಬ್ಬ ಮನೋರಮೆಯನ್ನು ಹುಡುಕಿಕೊಳ್ಳಿ. ಆಕೆ ಗೆಳತಿಯಾಗಿರಲಿ, ಗುರುವಾಗಿರಲಿ, ಅಕ್ಷರ ಬಾರದ ತಾಯಿಯೇ ಆಗಿರಲಿ, ಗಟ್ಟಿಯಾಗಿ ಓದಿ ಹೇಳಿ. ಅವರು 'ಇದು ನಾನಲ್ಲ' ಎನ್ನುವುದಾದರೆ, ಆ ಮಾತು ಅಚ್ಚಿಗೆ ಮುಂಚೆಯೇ ನಿಮ್ಮ ಕಿವಿಗೆ ಬೀಳಲಿ.