ಎಣ್ಣೆ ಹಚ್ಚುವ ಕೈಗೆ ಎಣ್ಣೆ ಹಚ್ಚುವವರಾರು?

ಆಟಿ ತಿಂಗಳು ಸಮೀಪಿಸುತ್ತಿರುವಂತೆ ಒಂದೇ ಬಗೆಯ ಪ್ರಶ್ನೆಯನ್ನು ಹೊತ್ತ ಪತ್ರಗಳು ನಮಗೆ ಬರತೊಡಗುವುದು ವಾಡಿಕೆ. ಈ ಸಲ ಬಂದವುಗಳಲ್ಲಿ ಒಂದನ್ನು ನಾವು ಎರಡು ಮೂರು ಬಾರಿ ಓದಿದೆವು. ಬರೆದವರು ನಮ್ಮ ಕಾಸರಗೋಡು ಸೀಮೆಯ ಒಬ್ಬ ಗೃಹಿಣಿ. ಅತ್ತೆಯವರು ಹಾಸಿಗೆ ಹಿಡಿದು ಎರಡು ವರ್ಷವಾಯಿತು. ಮಗಳ ಬಾಣಂತನ ಈಗಷ್ಟೇ ಮುಗಿದಿದೆ. ಅಂಗಳದ ಬದಿಯಲ್ಲಿ ಅಡಕೆ ಸುಲಿಯುವವರಿಗೆ ಹೊತ್ತು ಹೊತ್ತಿಗೆ ಊಟ, ಚಹ ಆಗಬೇಕು. ಕತ್ತು ಹೆಗಲುಗಳು ಕಲ್ಲಿನಂತಾಗಿವೆಯೆಂದೂ ರಾತ್ರಿ ನಿದ್ರೆ ಬಾರದೆಂದೂ ಸಣ್ಣ ಮಾತಿಗೂ ಅಳು ಬರುವುದೆಂದೂ ಬರೆದಿದ್ದಾರೆ. ಪೇಟೆಯ ಚಿಕಿತ್ಸಾಲಯವೊಂದರಲ್ಲಿ ಹದಿನಾಲ್ಕು ದಿನಗಳ ಕರ್ಕಾಟಕ ಚಿಕಿತ್ಸೆ ಇದೆಯಂತೆ. ಬಳೆಯೊಂದನ್ನು ಅಡವಿಟ್ಟು ಅಲ್ಲಿಗೆ ಹೋಗಬಹುದೇ ಎಂಬುದು ಅವರ ಪ್ರಶ್ನೆ.

ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸುವ ವಿಷಯವಲ್ಲವಿದು. ಬಳೆಯನ್ನು ಅಡವಿಡಲು ಹೊರಟವರು ಒಬ್ಬರೇ ಆಗಿರಲಾರರು ಎಂಬ ಎಣಿಕೆಯಿಂದ ಈ ತಿಂಗಳ ಅಂಕಣವನ್ನು ಇದಕ್ಕೇ ಮೀಸಲಿಡುತ್ತಿದ್ದೇವೆ.

ನಾವು ಆಟಿಯೆಂದು ಕರೆಯುವುದನ್ನೇ ಮಲಯಾಳದವರು ಕರ್ಕಾಟಕವೆಂದು ಕರೆಯುತ್ತಾರೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಅದೇ ಮಳೆ, ಅದೇ ಬಿಡುವು, ಅದೇ ಕೀಲುನೋವು. ಹೊಲಗದ್ದೆಗಳ ಕೆಲಸ ತಗ್ಗಿರುವ ಈ ಕಾಲದಲ್ಲಿ ದೇಹವನ್ನು ದುರಸ್ತಿ ಮಾಡಿಕೊಳ್ಳಬೇಕೆಂಬ ತಿಳಿವಳಿಕೆ ಎರಡೂ ಭಾಷೆಯವರಲ್ಲಿ ಇತ್ತು. ನಮ್ಮವರು ಆಟಿ ಅಮಾವಾಸ್ಯೆಗೆ ಹಾಲೆಮರದ ಕೆತ್ತೆಯ ಕಷಾಯ ಕುಡಿದರೆ, ಅವರು ಔಷಧದ ಗಂಜಿಯನ್ನು ಉಂಡು, ಎಣ್ಣೆ ಹಚ್ಚಿಸಿಕೊಂಡರು. ಆ ಎಣ್ಣೆಯ ವಿದ್ಯೆ ಕೇರಳದಲ್ಲಿ ಒಂದು ಶಾಸ್ತ್ರವಾಗಿಯೇ ಬೆಳೆಯಿತು. ಕೈಯಿಂದ ನೀವಿ ಉಜ್ಜುವ ಉಳಿಚ್ಚಿಲ್. ಮರದ ದೋಣಿಯಂತಹ ಪಾತ್ರೆಯಲ್ಲಿ ಮಲಗಿಸಿ ಬಿಸಿ ತೈಲವನ್ನು ಧಾರೆಯಾಗಿ ಹಿಂಡುತ್ತ ಉಜ್ಜುವ ಪಿಳಿಚ್ಚಿಲ್. ನವರ ಅಕ್ಕಿಯನ್ನು ಹಾಲು ಕಷಾಯಗಳಲ್ಲಿ ಬೇಯಿಸಿ ಬಟ್ಟೆಯಲ್ಲಿ ಗಂಟು ಕಟ್ಟಿ ಮೈಗೆ ಒತ್ತುವ ನವರಕಿಳಿ. ಹಣೆಯ ಮೇಲೆ ಎಡೆಬಿಡದೆ ತೈಲ ಬೀಳಿಸುವ ಶಿರೋಧಾರೆ. ಉತ್ತರ ಮಲಬಾರಿನ ಕಳರಿಗಳಲ್ಲಿ ಗುರುಗಳು ಮೇಲೆ ಕಟ್ಟಿದ ಹಗ್ಗವನ್ನು ಹಿಡಿದು, ನೆಲದ ಮೇಲೆ ಮಲಗಿದ ಶಿಷ್ಯನ ಮೈಯನ್ನು ಪಾದದಿಂದಲೇ ನೀವುವ ಪದ್ಧತಿಯೂ ಉಂಟು. 1902ರಲ್ಲಿ ಪಿ. ಎಸ್. ವಾರಿಯರ್ ಅವರು ಕೋಟಕ್ಕಲ್‌ನಲ್ಲಿ ಆರ್ಯ ವೈದ್ಯಶಾಲೆಯನ್ನು ಸ್ಥಾಪಿಸಿದ ಮೇಲೆ, ಮನೆಮನೆಯಲ್ಲಿ ಕುದಿಸಬೇಕಾಗಿದ್ದ ಎಣ್ಣೆ ಕಷಾಯಗಳು ಸಿದ್ಧವಾಗಿ ಶೀಷೆಗಳಲ್ಲಿ ದೊರೆಯತೊಡಗಿದವು. ನಮ್ಮ ಮನೆಗಳ ಕಪಾಟಿನಲ್ಲಿರುವ ಧಾನ್ವಂತರ, ಕ್ಷೀರಬಲಾ ತೈಲಗಳ ಶೀಷೆಗಳು ಆ ದಾರಿಯಾಗಿ ಬಂದವುಗಳೇ.

ಆದರೆ ಅಭ್ಯಂಗವು ಮೂಲತಃ ರೋಗಿಗಳಿಗೆಂದು ಹೇಳಿದ್ದಲ್ಲ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಅದನ್ನು ಹೇಳಿರುವುದು ದಿನಚರ್ಯೆಯ ಅಧ್ಯಾಯದಲ್ಲಿ, ಹಲ್ಲುಜ್ಜುವುದು, ವ್ಯಾಯಾಮ, ಸ್ನಾನಗಳ ಸಾಲಿನಲ್ಲಿ. ಮುಪ್ಪು, ಶ್ರಮ, ವಾತಗಳನ್ನು ಅದು ದೂರವಿಡುವುದೆಂದೂ ಒಳ್ಳೆಯ ನಿದ್ರೆಯನ್ನು ತರುವುದೆಂದೂ, ನೆತ್ತಿ ಕಿವಿ ಅಂಗಾಲುಗಳನ್ನು ಮರೆಯಬಾರದೆಂದೂ ಅವನ ಮತ. ಅಜೀರ್ಣವಾದವರಿಗೆ ಅದು ಸಲ್ಲದೆಂದು ಎಚ್ಚರಿಸಲೂ ಅವನು ಮರೆತಿಲ್ಲ. ಚರಕಸಂಹಿತೆಯಲ್ಲಿ ಇದಕ್ಕೆ ಕೊಟ್ಟ ಹೋಲಿಕೆಗಳು ತೀರ ಮನೆವಾರ್ತೆಯವು: ಎಣ್ಣೆಯುಂಡ ಮಡಕೆ, ಎಣ್ಣೆಯುಂಡ ಚರ್ಮ, ಎಣ್ಣೆಯುಂಡ ಗಾಡಿಯ ಅಚ್ಚು ಹೇಗೆ ಗಟ್ಟಿಯಾಗಿ ಬಾಳುವುವೋ ದೇಹವೂ ಹಾಗೆಯೇ ಎಂದು. ಸ್ಪರ್ಶವೆಂಬುದು ವಾಯುವಿನ ನೆಲೆ, ಅದರ ಆಶ್ರಯ ಚರ್ಮ. ಆದುದರಿಂದ ಚರ್ಮವನ್ನು ಸಂತೈಸಿದರೆ ವಾಯು ಶಮನವಾಗುವುದೆಂಬುದು ಅಲ್ಲಿಯ ತರ್ಕ.

ನಮ್ಮಜ್ಜಿಗೆ ಈ ತರ್ಕಗಳಾವುವೂ ಗೊತ್ತಿರಲಿಲ್ಲ. ನರಕ ಚತುರ್ದಶಿಯ ನಸುಕಿನಲ್ಲಿ, ಹಿಂದಿನ ಸಂಜೆ ನೀರು ತುಂಬಿ ಶೃಂಗರಿಸಿದ ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿರುವಾಗ, ಮನೆಯ ಮಕ್ಕಳನ್ನೆಲ್ಲ ಸಾಲಾಗಿ ಮಣೆಯ ಮೇಲೆ ಕುಳ್ಳಿರಿಸಿ ಎಣ್ಣೆ ಹಚ್ಚುತ್ತಿದ್ದರು. ಅವರ ಕೈಗೆ ಅವಸರವೆಂಬುದೇ ತಿಳಿಯದು. ಹಿಂದಿದ್ದವರು ಚಳಿಯಿಂದ ನಡುಗುತ್ತಿದ್ದರೂ ಮುಂದಿದ್ದವನ ಬೆನ್ನಿನ ಮೇಲೆ ಆ ಕೈ ತನ್ನದೇ ನಿಧಾನದಲ್ಲಿ ಇಳಿಯುತ್ತಿತ್ತು. ಹಿಂದಿನ ದಿನ ಜಗಳವಾಡಿ ಮುಖ ಊದಿಸಿಕೊಂಡಿದ್ದವನೂ ಎಣ್ಣೆ ಮುಗಿಯುವ ಹೊತ್ತಿಗೆ ಮೆದುವಾಗಿರುತ್ತಿದ್ದ.

ಈ ನಿಧಾನಕ್ಕೆ ಒಂದು ಅರ್ಥವಿದೆಯೆಂಬುದನ್ನು ನರಶಾಸ್ತ್ರಜ್ಞರು ಈಚಿನ ದಶಕಗಳಲ್ಲಿ ತೋರಿಸಿಕೊಟ್ಟಿದ್ದಾರೆ. ರೋಮಗಳಿರುವ ನಮ್ಮ ಚರ್ಮದಲ್ಲಿ ಒಂದು ಜಾತಿಯ ಸೂಕ್ಷ್ಮ ನರತಂತುಗಳಿವೆ. ಅವು ಚುಚ್ಚಿದುದನ್ನು, ಬಡಿದುದನ್ನು ವರದಿ ಮಾಡಲು ಇರುವಂಥವಲ್ಲ. ಸೆಕೆಂಡಿಗೆ ಸುಮಾರು 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಮೈಯ ಬಿಸಿಯಿರುವ ಕೈಯೊಂದು ಮೃದುವಾಗಿ ಸವರಿದಾಗಲೇ ಅವು ಹೆಚ್ಚು ಚುರುಕಾಗುತ್ತವೆ. ಮಿದುಳಿನಲ್ಲಿ ಭಾವನೆಗಳಿಗೆ ಸಂಬಂಧಿಸಿದ ಭಾಗಗಳಿಗೆ ಸುದ್ದಿ ಮುಟ್ಟಿಸುತ್ತವೆ. ಮಗುವಿನ ತಲೆ ಸವರುವ ತಾಯಿಯ ಕೈ ಯಾರೂ ಹೇಳಿಕೊಡದೆಯೇ ಹಿಡಿಯುವ ವೇಗವೂ ಹೆಚ್ಚುಕಡಿಮೆ ಅದೇ.

ಇಷ್ಟನ್ನು ಹೇಳಿದ ಮೇಲೆ, ಹೇಳಬಾರದುದನ್ನು ಹೇಳುವ ಕರಪತ್ರಗಳ ವಿಷಯವನ್ನೂ ಎತ್ತಬೇಕು. ಮೈಯೊಳಗಿನ ವಿಷವೆಲ್ಲ ಎಣ್ಣೆಯಿಂದ ಹೊರಬೀಳುವುದೆಂಬ ಮಾತಿಗೆ ಆಧಾರವಿಲ್ಲ. ಆ ಕೆಲಸವನ್ನು ನಮ್ಮ ಯಕೃತ್ತು ಮೂತ್ರಪಿಂಡಗಳು ಸದ್ದಿಲ್ಲದೆ ಮಾಡುತ್ತಿವೆ. ಮರ್ದನದಿಂದ ಆಗುವುದು ಇಷ್ಟು: ಬಿಗಿದ ಸ್ನಾಯುಗಳು ಸಡಿಲುತ್ತವೆ, ಉದ್ವೇಗ ಇಳಿಯುತ್ತದೆ, ಸೊಂಟ ಕತ್ತುಗಳ ನೋವು ಕೆಲಕಾಲ ತಗ್ಗುತ್ತದೆ. ನೋವಿನ ಕಾರಣ ಹಾಗೆಯೇ ಉಳಿದಿದ್ದರೆ ಅದು ಮರಳಿ ಬರುತ್ತದೆ. ಕೆಲಕಾಲದ ಸುಖವೂ ಸಣ್ಣದೇನಲ್ಲವೆನ್ನಿ.

ಮರ್ದನವು ಎಲ್ಲ ನೋವಿಗೂ ಮದ್ದಲ್ಲವೆಂಬುದನ್ನು ನಾವು ಕಲಿತುದು ನಮ್ಮ ಮನೆಯಲ್ಲಿಯೇ. ದೊಡ್ಡಪ್ಪನವರು ಸೊಂಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಬಂದು ಮಲಗಿದ್ದ ಕಾಲವದು. ಮೂರನೆಯ ವಾರದಲ್ಲಿ ಅವರ ಒಂದು ಕಾಲಿನ ಮೀನಖಂಡ ಊದಿಕೊಂಡು ಬಿಸಿಯಾಗಿ ನೋಯತೊಡಗಿತು. ಮಲಗಿದ್ದಲ್ಲೇ ಇದ್ದು ವಾತ ಹಿಡಿಯಿತೆಂದು ತೀರ್ಮಾನಿಸಿದವರು ನಾವೇ. ಎಣ್ಣೆ ಬಿಸಿ ಮಾಡಿ ಎರಡು ಸಲ ಬಲವಾಗಿ ತಿಕ್ಕಿದವರೂ ನಾವೇ. ಮೂರನೆಯ ಸಲ ಕೈಯಿಕ್ಕುವಷ್ಟರಲ್ಲಿ, ಕಂಪೌಂಡರರಾಗಿ ನಿವೃತ್ತರಾಗಿದ್ದ ನೆರೆಮನೆಯವರೊಬ್ಬರು ಬಂದವರು ನಮ್ಮ ಮಣಿಕಟ್ಟನ್ನು ಹಿಡಿದು ನಿಲ್ಲಿಸಿದರು. ಆಸ್ಪತ್ರೆಯಲ್ಲಿ ನೋಡಿದಾಗ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣವನ್ನೇ ತೆಗೆಯಬಹುದಾಗಿತ್ತೆಂದು ವೈದ್ಯರು ಹೇಳಿದಾಗ ನಮ್ಮ ಕೈಗಳನ್ನು ನಾವೇ ನೋಡಿಕೊಂಡೆವು. ದೊಡ್ಡಪ್ಪನವರು ಬದುಕಿದರು. ಆದರೂ ಆ ಎಣ್ಣೆಯ ಬಟ್ಟಲನ್ನು ಮತ್ತೆ ಕೈಯಲ್ಲಿ ಹಿಡಿಯಲು ಬಹುಕಾಲ ಮನಸ್ಸಾಗಲಿಲ್ಲ.

ಆದುದರಿಂದ ಒಂದೇ ಕಾಲು ಇದ್ದಕ್ಕಿದ್ದಂತೆ ಊದಿಕೊಂಡರೆ ಎಣ್ಣೆಯ ಮಾತೇ ಬೇಡ. ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು. ಜ್ವರ, ಗಾಯ, ಚರ್ಮದ ಸೋಂಕು, ಮುರಿದ ಎಲುಬು ಇದ್ದಾಗಲೂ ಮರ್ದನ ಸಲ್ಲದು. ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದ ಬಾಣಂತಿಯ ಹೊಟ್ಟೆಯನ್ನು ಒತ್ತಬಾರದು. ಕೈಕಾಲು ಬೆನ್ನುಗಳಿಗೆ ಯಾವಾಗ ಆರಂಭಿಸಬಹುದೆಂಬುದನ್ನು ಹೆರಿಗೆ ಮಾಡಿಸಿದ ವೈದ್ಯರೇ ಹೇಳಲಿ. ಕಿವಿಯೊಳಗೆ, ಶಿಶುವಿನ ಮೂಗಿನೊಳಗೆ ಎಣ್ಣೆ ಬಿಡುವ ರೂಢಿಯನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ. ಕ್ಷೌರದಂಗಡಿಯಲ್ಲಿ ಕತ್ತನ್ನು ತಿರುಚಿ ಲಟಕ್ಕೆಂದು ಸದ್ದು ಮಾಡಿಸುವುದಂತೂ ನರ, ರಕ್ತನಾಳಗಳ ಜೊತೆ ಆಡುವ ಜೂಜು.

ಇನ್ನು ನಮ್ಮ ಸೋದರಿಯ ಬಳೆಯ ಮಾತು. ಬಳೆ ಕೈಯಲ್ಲಿಯೇ ಇರಲಿ, ತಾಯಿ. ಮೊದಲು ಒಬ್ಬ ವೈದ್ಯರನ್ನು ಕಂಡು ರಕ್ತಹೀನತೆ, ಥೈರಾಯ್ಡ್, ಸಕ್ಕರೆಗಳ ಪರೀಕ್ಷೆ ಮಾಡಿಸಿಕೊಳ್ಳಿ. ನಿದ್ರೆಯಿಲ್ಲದೆ, ಕಾರಣವಿಲ್ಲದೆ ಅಳು ಬರುವುದು ಎರಡು ವಾರಗಳಿಗೂ ಮೀರಿ ನಡೆದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ಅದು ಮನಸ್ಸಿನ ಕಾಯಿಲೆಯಾಗಿರಬಹುದು, ಅದಕ್ಕೆ ಮದ್ದುಂಟು, ನಾಚಿಕೆಗೆ ಕಾರಣವಿಲ್ಲ. ಚಿಕಿತ್ಸಾಲಯಗಳನ್ನು ನಾವು ಹಳಿಯುತ್ತಿಲ್ಲ. ಬಲ್ಲ ವೈದ್ಯರಿರುವಲ್ಲಿ ಆ ಹದಿನಾಲ್ಕು ದಿನಗಳಿಂದ ಹಿತವಾಗುವುದು ನಿಜ. ಆದರೆ ಆ ಹಿತದಲ್ಲಿ ಎಣ್ಣೆಯ ಪಾಲೆಷ್ಟು, ಹದಿನಾಲ್ಕು ದಿನ ಒಲೆಯ ಮುಂದೆ ನಿಲ್ಲದಿರುವುದರ ಪಾಲೆಷ್ಟು? ಹದಿನೈದನೆಯ ದಿನ ಅದೇ ಒಲೆ, ಅದೇ ಹಾಸಿಗೆಯ ಬದಿ, ಅವುಗಳ ಮೇಲೆ ಬಳೆಯ ಬಡ್ಡಿ.

ತಮ್ಮ ಪತ್ರದಲ್ಲಿ ಅವರು ಒಂದು ಸಾಲನ್ನು ಅನ್ಯಮನಸ್ಕರಾಗಿಯೇ ಬರೆದಂತಿದೆ. ಅತ್ತೆಯವರ ಬೆನ್ನಿಗೆ ದಿನವೂ, ಮಗಳಿಗೆ ನಲವತ್ತು ದಿನ, ಮೊಮ್ಮಗುವಿಗೆ ಈಗಲೂ ಎಣ್ಣೆ ಹಚ್ಚುವವರು ಅವರೇ. ಅವರಿಗೆ ಯಾರು ಹಚ್ಚುತ್ತಾರೆಂಬುದು ಪತ್ರದಲ್ಲಿಲ್ಲ. ನಮ್ಮಜ್ಜಿಯ ವಿಷಯದಲ್ಲಿಯೂ ನಮಗೆ ನೆನಪಿರುವುದು ಅವರ ಕೈ ಮಾತ್ರ. ಎಲ್ಲರ ಸ್ನಾನ ಮುಗಿದ ಮೇಲೆ ಅವರು ಹಂಡೆಯ ತಳದಲ್ಲಿ ಉಳಿದ ನೀರಿನಿಂದ ಮೀಯುತ್ತಿದ್ದರು. ಅವರ ಬೆನ್ನಿಗೆ ಎಣ್ಣೆ ಹಚ್ಚಿದವರನ್ನು ನಾವು ಕಂಡಿಲ್ಲ.

ಆದುದರಿಂದ ಈ ಕೆಳಗಿನ ಮಾತುಗಳು ಪತ್ರ ಬರೆದವರಿಗಲ್ಲ, ಅವರ ಮನೆಯವರಿಗೆ. ಮಗಳು ಚೇತರಿಸಿಕೊಂಡಿದ್ದಾಳಲ್ಲ? ವಾರಕ್ಕೆ ಎರಡು ಸಂಜೆ, ಇಪ್ಪತ್ತು ನಿಮಿಷ ಸಾಕು. ಆ ಹೊತ್ತಿನಲ್ಲಿ ಅತ್ತೆಯವರ ಬಳಿ ಮನೆಯ ಗಂಡಸರು ಕುಳಿತಿರಲಿ. ಚಹವನ್ನೂ ಅವರೇ ಮಾಡಲಿ. ಎಣ್ಣೆ ಯಾವುದೆಂಬ ಚರ್ಚೆ ಬೇಡ, ತೆಂಗಿನೆಣ್ಣೆಯೂ ಆದೀತು, ಎಳ್ಳೆಣ್ಣೆಯೂ ಆದೀತು. ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಮೊದಲು ತಮ್ಮ ಮುಂಗೈ ಮೇಲೆ ಹಾಕಿ ನೋಡಬೇಕು. ಉಂಡ ಕೂಡಲೇ ಬೇಡ. ಕತ್ತಿನ ಬುಡದಿಂದ ಹೆಗಲಿಗೆ, ಹೆಗಲಿನಿಂದ ಬೆನ್ನಿಗೆ ಅಂಗೈಯಿಂದ ನಿಧಾನವಾಗಿ ಇಳಿಯಬೇಕು, ಎಲುಬಿನ ಮೇಲೆ ಒತ್ತಬಾರದು, ನೋಯುವುದೆಂದರೆ ನಿಲ್ಲಿಸಬೇಕು. ಕೊನೆಗೆ ಅಂಗಾಲು. ಆ ಇಪ್ಪತ್ತು ನಿಮಿಷ ಮನೆವಾರ್ತೆಯ ಲೆಕ್ಕವನ್ನು ಅವರ ಮುಂದೆ ಎತ್ತಬಾರದು. ಅವರು ಅತ್ತರೆ ಅಳಲಿ, ಕೈ ನಿಲ್ಲಿಸದಿರಿ.

ಬಚ್ಚಲಿಗೆ ಹೋಗುವ ಮುನ್ನ ಅಂಗಾಲಿನ ಎಣ್ಣೆಯನ್ನು ಹಳೆಯ ಬಟ್ಟೆಯಿಂದ ಒರೆಸಿಬಿಡಿ. ನೆಲಕ್ಕೆ ಗೋಣಿಯೊಂದನ್ನು ಹಾಸಿ. ಎಣ್ಣೆಸ್ನಾನದ ದಿನ ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದುಕೊಂಡವರ ಪತ್ರಗಳೂ ನಮ್ಮಲ್ಲಿಗೆ ಬರುತ್ತವೆ.