ಅಲ್ಲಿ ಏನೂ ಇಲ್ಲವಂತೆ!

ಚಳಿಗಾಲ ಬಂತೆಂದರೆ ನಮ್ಮ ಕೂಕಟ್‌ಪಲ್ಲಿಯ ಕನ್ನಡದವರಿಗೆ ಜೈಸಲ್ಮೇರ್ ನೆನಪಾಗುತ್ತದೆ. ಹೋಗಿ ಬಂದವರನ್ನು "ಮರುಭೂಮಿ ರಾಷ್ಟ್ರೀಯ ಉದ್ಯಾನ ನೋಡಿದ್ರಾ?" ಅಂತ ಕೇಳಿ ನೋಡಿ. "ಅಲ್ಲೇನಿದೆ ಸಾರ್, ಬರೀ ಖಾಲಿ! ಸಮ್‌ನಲ್ಲಿ ಮರಳಿನ ಮೇಲೆ ಜೀಪು ಹಾರಿಸಿದ್ದೇ ಮಜಾ, ರಾತ್ರಿ ಡಿಜೆ ಬೇರೆ" ಅನ್ನುತ್ತಾರೆ. ಮೊದಲ ಸಲ ನಾನೂ ಆ ಜೀಪು ಹತ್ತಿದವನೇ. ಹಾಗಾಗಿ ಈ ಜಗಳ ನನ್ನ ಜೊತೆಗೂ ಹೌದು.

ಖಾಲಿಯಂತೆ! 1980ರಲ್ಲಿ ಘೋಷಣೆಯಾದ ಆ ಉದ್ಯಾನ 3,162 ಚದರ ಕಿ.ಮೀ. ಇದೆ. ಮೂರು ಬಂಡೀಪುರ ಒಳಗಿಟ್ಟರೂ ಜಾಗ ಮಿಗುತ್ತದೆ. ಅದರಲ್ಲಿ ಮರಳುದಿಬ್ಬ ಸುಮಾರು ಐದರಲ್ಲೊಂದು ಪಾಲು ಮಾತ್ರ. ಉಳಿದದ್ದು ಕಲ್ಲುನೆಲ, ಗಟ್ಟಿ ಬಯಲು, ಹುಲ್ಲು. ಆ ಬಯಲಲ್ಲೇ ಗ್ರೇಟ್ ಇಂಡಿಯನ್ ಬಸ್ಟರ್ಡ್ ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಇಡೀ ದೇಶದ ಕಾಡುಬಯಲಲ್ಲಿ ಉಳಿದಿರುವುದು 150ಕ್ಕಿಂತ ಕಡಿಮೆ. ಎದುರಿನದು ಸರಿಯಾಗಿ ಕಾಣದೆ ವಿದ್ಯುತ್ ತಂತಿಗೆ ಬಡಿದು ಸಾಯುತ್ತವೆ. 2021ರಲ್ಲಿ ಸುಪ್ರೀಂ ಕೋರ್ಟೇ ತಂತಿಗಳ ವಿಷಯದಲ್ಲಿ ಆದೇಶ ಕೊಡಬೇಕಾಯಿತು. ಖಾಲಿ ಜಾಗ ತಾನೇ ಅಂದುಕೊಂಡಿದ್ದಕ್ಕೇ ಅಲ್ಲವೇ ಇಷ್ಟೆಲ್ಲಾ?

ರಾಜಸ್ಥಾನದ ಮಾತು ಬಿಡಿ, ನಮ್ಮ ರಾಣೆಬೆನ್ನೂರಿನಲ್ಲೇನಾಯಿತು? 1974ರಲ್ಲಿ ಕೃಷ್ಣಮೃಗ ಧಾಮವಾದ ಆ ಬಯಲಲ್ಲಿ ಈ ಹಕ್ಕಿಯೂ ಇತ್ತು. ಬಯಲು ಅಂದರೆ ಬಂಜರು ಅನ್ನುವ ಲೆಕ್ಕದಲ್ಲಿ ನೀಲಗಿರಿ ನೆಟ್ಟರು. ಹಸಿರೇನೋ ಬಂತು, ಹಕ್ಕಿ ಹೋಯಿತು. ವಹಿವಾಟು ಕಾಣದ ಖಾತೆಯಲ್ಲಿ ದುಡ್ಡೇ ಇಲ್ಲ ಅಂತ ಯಾವ ಬ್ಯಾಂಕಿನವನೂ ಹೇಳುವುದಿಲ್ಲ ಸ್ವಾಮಿ!

"ಜೀಪಿನವರ ಹೊಟ್ಟೆಪಾಡು?" ಅನ್ನುತ್ತೀರಿ. ಸರಿಯಾದ ಮಾತೇ. ಅದೇ ದುಡ್ಡನ್ನು ದಾರಿ ಬಿಟ್ಟು ಓಡಿಸದ ಡ್ರೈವರಿಗೆ, ಹಕ್ಕಿ ತೋರಿಸುವ ಊರಿನ ಗೈಡಿಗೆ ಕೊಡಿ.

ಹೋಗಬೇಡಿ ಅನ್ನುತ್ತಿಲ್ಲ, ಖಂಡಿತ ಹೋಗಿ. ಜೈಸಲ್ಮೇರಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು ಬೆಳಗ್ಗೆ ಬೇಗ ಸುದಾಸರಿ ಕಡೆ ಹೊರಡಿ. ನೀರು, ಬುತ್ತಿ, ಸ್ವೆಟರ್ ಮರೆಯಬೇಡಿ. ಮಕ್ಕಳ ಕೈಗೆ ಮೊಬೈಲ್ ಬದಲು ದುರ್ಬೀನು ಕೊಡಿ. ಚಿಂಕಾರ, ಮರುಭೂಮಿ ನರಿ, ರಣಹದ್ದು ಕಂಡಾವು. ಬಸ್ಟರ್ಡ್ ಕಾಣದೆಯೂ ಇರಬಹುದು. ಕಾಣಲಿಲ್ಲವೆಂದು ಬೈದುಕೊಂಡು ಸಮ್‌ಗೆ ಓಡಬೇಡಿ, ಇನ್ನೊಂದು ಗಂಟೆ ಸುಮ್ಮನೆ ಕೂತಿರಿ. ಕೆಪಿಎಚ್‌ಬಿಯ ಹಾರನ್ ಕೇಳಿ ಕೇಳಿ ಕಿವುಡಾದ ನಮಗೆ ಆ ಮೌನಕ್ಕಾದರೂ ಅಷ್ಟು ದೂರ ಹೋಗಬಾರದೇ? ಡಿಜೆ ಇಲ್ಲೇ ಮದುವೆ ಮೆರವಣಿಗೆಯಲ್ಲಿ ಪುಕ್ಕಟೆ ಸಿಗುತ್ತದಲ್ಲ!

ಏನಂತೀರಿ?