ಸಂಬಳ ಬಿಟ್ಟು ಚರಿತ್ರೆ ಬರೆಯಬೇಕೇ?

ಮೊನ್ನೆ ಸರಸ್ವತಿಪುರಂನಲ್ಲಿ ಕಾಫಿ ಕುಡಿಯುವಾಗ ಗೆಳೆಯನೊಬ್ಬ, "ಕೆಲಸ ಬಿಟ್ಟು ಐತಿಹಾಸಿಕ ಕಾದಂಬರಿ ಬರೀತೀನಿ ಕಣೋ" ಅಂದ. ಬೇಡ ಅಂದೆ. ಮುನಿಸಿಕೊಂಡ...

ನಮ್ಮ ಕುವೆಂಪುನಗರದಲ್ಲಿದ್ದ, 2025ರಲ್ಲಿ ತೀರಿಕೊಂಡ ಎಸ್.ಎಲ್. ಭೈರಪ್ಪನವರನ್ನೇ ನೋಡಿ. 1991ರಲ್ಲಿ ನಿವೃತ್ತರಾಗುವವರೆಗೂ ಮೇಷ್ಟರಾಗಿದ್ದರು. ಎಂಟನೇ ಶತಮಾನದ ಕಥೆ 'ಸಾರ್ಥ' ಬಂದದ್ದು 1998ರಲ್ಲಿ. ವ್ಯಾಪಾರಿಗಳ ತಂಡ ಹೇಗೆ ಸಾಗುತ್ತಿತ್ತು, ನಾಲಂದಾದಲ್ಲಿ ಏನು ಓದಿಸುತ್ತಿದ್ದರು ಅಂತ ತಿಳಿಯದೆ ಅಂಥ ಪುಸ್ತಕದ ಒಂದು ಪುಟವೂ ಮುಂದೆ ಹೋಗುವುದಿಲ್ಲ. ಓದಿದ್ದರಲ್ಲಿ ಮುಕ್ಕಾಲು ಪಾಲು ಪುಸ್ತಕಕ್ಕೆ ಬರುವುದೂ ಇಲ್ಲ! ಆ ಓದಿಗೆ ಯಾರೂ ಕಾಸು ಕೊಡುವುದಿಲ್ಲ.

"ಹಾಗಾದ್ರೆ ತ.ರಾ.ಸು.?" ಅಂದ. ನಿಜ, ಲೇಖನಿಯನ್ನೇ ನಂಬಿ ಹತ್ತಾರು ಕಾದಂಬರಿ ಬರೆದವರು. ಆದರೆ 'ದುರ್ಗಾಸ್ತಮಾನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಅವರು ತೀರಿಕೊಂಡದ್ದು 1984ರಲ್ಲಿ. ಎಲ್ಲರಿಗೂ ಆ ಎದೆಗಾರಿಕೆ ಇರುತ್ತದೆಯೇ?

ಮನೆ ಬಾಡಿಗೆ ತಲೆಯ ಮೇಲೆ ಕೂತಿದ್ದರೆ ಹಳೇ ಶಾಸನ ಓದುವ ತಾಳ್ಮೆ ಎಲ್ಲಿಂದ ಬರಬೇಕು? ಸಂಬಳವಿದ್ದರೆ ಪುಸ್ತಕ ಹತ್ತು ವರ್ಷ ತಡವಾದರೂ ಒಲೆ ಉರಿಯುತ್ತದೆ. ಭಾನುವಾರಕ್ಕೆ ಎರಡೇ ಪುಟವಾದರೂ ಸರಿ, ಕೆಲಸದಲ್ಲಿದ್ದುಕೊಂಡೇ ಬರಿ ಗುರೂ!

ನೀವೇನಂತೀರಿ?